ಬುರುಲಕ್ಕನ ಮಣಿಕಟ್ಟಿಗೆ ಅಂಟಿದ ಗಿಟಾರು

ಬೆಳಗಿನ ಐದೂವರೆ. ಜಲಾಲ್-ಅಬಾದ್ ಪೇಟೆಯ ಹಿಂದಿನ ಗಲ್ಲಿಗೆ ಬಿಸಿಲು ಇನ್ನೂ ಇಳಿದಿಲ್ಲ. ಮಾಂಸ ತುಂಬಿದ ಸಮ್ಸಾ ಸುಡುವ ಹೊಲ್ಮಿರ್ಜಾನ ತಂದೂರಿ ಒಲೆ ಮಾತ್ರ ಹೊತ್ತಿಕೊಂಡಿದೆ. ಪಕ್ಕದ ತಗಡಿನ ಮಳಿಗೆಯಲ್ಲಿ ಬುರುಲಕ್ಕ ಕಿಟಕಿಗೆ ತೂಗುಹಾಕಿದ್ದ ಎಲೆಕ್ಟ್ರಿಕ್ ಗಿಟಾರಿನ ಒಡಲನ್ನು ಕೆಳಗಿಳಿಸುತ್ತಾರೆ. ತಂತಿಯಿಲ್ಲ, ಕತ್ತಿಲ್ಲ, ತಿರುಗಣೆಗಳಿಲ್ಲ, ಬರೀ ಮರ. ಅದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಎಡಗೈ ಮಣಿಕಟ್ಟಿನ ಒಳಭಾಗವನ್ನು ಅದರ ಬೆನ್ನಿಗೆ ಒತ್ತಿ ಹತ್ತು ಎಣಿಸುತ್ತಾರೆ. ಕೈ ಎತ್ತುವಾಗ ಚರ್ಮ ಒಂದಿಷ್ಟು ತಡೆದು ಬಿಡುತ್ತದೆ.

“ಇವತ್ತೂ ಅಂಟ್ತಾ ಇದೆ,” ಎನ್ನುತ್ತಾರೆ. “ಕೊನೇ ಸಲ ಎಣ್ಣೆ ಹಚ್ಚಿ ಒಂಬತ್ತು ದಿನ ಆಯ್ತು. ಇಷ್ಟು ಹೊತ್ತಿಗೆ ಚೆನ್ನಾಗಿ ಒಣಗಿರ್ಬೇಕಿತ್ತು. ಎಣ್ಣೆ ಕೆಟ್ಟಿದ್ಯೋ, ನನ್ ಹಣೆಬರಹ ಕೆಟ್ಟಿದ್ಯೋ!”

ಇವತ್ತು ಮಂಗಳವಾರ. ಶನಿವಾರ ಈ ಗಿಟಾರು ಮದುವೆಯೊಂದರಲ್ಲಿ ನುಡಿಯಬೇಕು. ಇದನ್ನು ತಂದುಕೊಟ್ಟ ದೊಲೊನ್ ಮದುವೆಮನೆಗಳಲ್ಲಿ ಹಾಡುವ ತಂಡದವನು. ಈ ಸಲದ ಮದುವೆ ಅವನ ಸ್ವಂತ ತಂಗಿಯದು, ಗಿಟಾರು ಅವನಪ್ಪ ಶರ್ಶೆನ್ ಅವರದು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದ ಆ ಹಿರಿಯರು ಮಗಳ ಮದುವೆಯಲ್ಲಿ ತಮ್ಮದೇ ಗಿಟಾರನ್ನು ಕೇಳಬೇಕೆಂದು ಹಟ ಹಿಡಿದಿದ್ದಾರೆ. “ಶುಕ್ರವಾರ ಬಂದು ಒಯ್ಯಿ” ಎಂದು ಬುರುಲಕ್ಕ ಮಾತು ಕೊಟ್ಟಾಗಿದೆ. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಮಾತಿಗೆ ತಪ್ಪಿದ್ದು ಈ ಗಲ್ಲಿಯಲ್ಲಿ ಯಾರಿಗೂ ನೆನಪಿಲ್ಲ.

ಮದುವೆ ತಂಡಗಳ ಮುಖಗಳು ಇಲ್ಲಿನ ಗೋಡೆಗೋಡೆಗೂ ಅಂಟಿರುತ್ತವೆ. ಆ ಮುಖಗಳ ಎದೆಗಾನಿಕೊಂಡ ಮರವನ್ನು ಹದ ಮಾಡಿದವರು ಯಾರೆಂದು ಕೇಳಿದರೆ ಪೇಟೆಯ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಉಳಿದರ್ಧ ಜನ “ಓ, ಸಮ್ಸಾ ಅಂಗಡಿ ಪಕ್ಕದ ಹೆಂಗಸು” ಎನ್ನುತ್ತಾರೆ. ಅರವತ್ತೊಂದು ವರ್ಷದ ಬುರುಲಕ್ಕನಿಗೆ ಇದರ ಬೇಸರವೇನಿಲ್ಲ. ಸಮ್ಸಾ ಕೊಳ್ಳಲು ಬಂದವರು ದಾರಿ ತಪ್ಪಿ ತಮ್ಮ ಮಳಿಗೆಗೆ ನುಗ್ಗಿ, ಗಿಟಾರುಗಳನ್ನು ನೋಡಿ ಕಕ್ಕಾಬಿಕ್ಕಿಯಾಗುವುದನ್ನು ಅವರು ನಟಿಸಿ ತೋರಿಸಿ ನಗುತ್ತಾರೆ.

ಹತ್ತೊಂಬತ್ತನೆಯ ವಯಸ್ಸಿಗೆ ಅವರು ಪೀಠೋಪಕರಣದ ಕಾರ್ಖಾನೆ ಸೇರಿದವರು. ಕಪಾಟುಗಳಿಗೆ, ಮಂಚಗಳಿಗೆ ಗಾಜಿನಂತೆ ದಪ್ಪಗೆ ಕೂರುವ ವಾರ್ನಿಷ್ ಸಿಂಪಡಿಸುವ ಕೆಲಸ. ಮೂಗಿಗೆ ಕಟ್ಟಿಕೊಳ್ಳಲು ಒಂದು ತುಂಡು ಬಟ್ಟೆ, ಸಂಜೆಗೆ ಒಂದು ಲೋಟ ಹಾಲು. ಅದೇ ಆಗಿನ ರಕ್ಷಣೆ. ಒಕ್ಕೂಟ ಒಡೆದು ದೇಶ ಬದಲಾಗಿ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ತೊಟ್ಟಿಲುಗಳಿಗೆ ಎಣ್ಣೆ ಹಚ್ಚತೊಡಗಿದರು. ಕೂಸುಗಳು ತೊಟ್ಟಿಲಿನ ಅಡ್ಡಪಟ್ಟಿಯನ್ನು ನೆಕ್ಕುತ್ತವಲ್ಲ, ಅದಕ್ಕೆ ವಾರ್ನಿಷ್ ಬೇಡ, ತಿನ್ನುವ ಅಕ್ರೋಟಿನ ಎಣ್ಣೆಯೇ ಸಾಕು ಎಂಬುದು ಅವರ ಲೆಕ್ಕ. ಒಂದು ದಿನ ಮದುವೆ ತಂಡದವನೊಬ್ಬ ಮಗನಿಗೆಂದು ತೊಟ್ಟಿಲು ಒಯ್ಯಲು ಬಂದ. ಅದರ ಮೈ ಸವರಿ ನೋಡಿ, “ನನ್ನ ಗಿಟಾರನ್ನೂ ಹೀಗೇ ಮಾಡಿಕೊಡಿ” ಎಂದ. ಅಲ್ಲಿಂದ ಶುರು.

“ಹನ್ನೆರಡು ವರ್ಷ ಬಳಿದೆ, ಇಪ್ಪತ್ತೆರಡು ವರ್ಷದಿಂದ ಕೆರೀತಾ ಇದ್ದೀನಿ,” ಎನ್ನುತ್ತಾರೆ ಬುರುಲಕ್ಕ. “ಬಳಿದಿದ್ದರ ಪಾಪ ಯಾವತ್ತೋ ಕಳೀತು. ಈಗ ಕೆರೆಯೋದೆಲ್ಲ ಪುಣ್ಯದ ಖಾತೆಗೆ!”

ತಿಂಗಳಿಗೆ ಮೂರು ಗಿಟಾರು, ಹೆಚ್ಚೆಂದರೆ ನಾಲ್ಕು. ಬಿಸಿಗಾಳಿ ಊದಿ ಹಳೆಯ ವಾರ್ನಿಷ್ ಮೆತ್ತಗಾಗಿಸಿ ಅಲಗಿನಿಂದ ಎಬ್ಬಿಸುವುದಕ್ಕೇ ಆರು ತಾಸು. ಆಮೇಲೆ ಒರಟಿನಿಂದ ನುಣುಪಿನವರೆಗೆ ಐದು ಬಗೆಯ ಮರಳುಕಾಗದ. ಒದ್ದೆ ಬಟ್ಟೆಯಲ್ಲಿ ಒರೆಸಿ, ಎದ್ದ ನಾರನ್ನು ಮತ್ತೆ ಉಜ್ಜಿ ಕೂರಿಸಬೇಕು. ಮೂರು ಸಲ ಎಣ್ಣೆ. ಪ್ರತಿ ಸಲ ಹಚ್ಚಿ, ಅರ್ಧ ತಾಸು ಕುಡಿಯಲು ಬಿಟ್ಟು, ಮಿಕ್ಕಿದ್ದನ್ನು ಒರೆಸಿ ತೆಗೆದು, ಕಿಟಕಿಯ ಬಿಸಿಲಿಗೆ ಆರೇಳು ದಿನ. ಕೊನೆಗೆ ಜೇನುಮೇಣ. ಹಳೆಯ ಉಣ್ಣೆಟೋಪಿಯ ತುಂಡಿನಿಂದ ತೋಳು ಸೋಲುವವರೆಗೆ ಉಜ್ಜಬೇಕು. ಎಣ್ಣೆ ಒರೆಸಿದ ಚಿಂದಿಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾವಾಗಿಯೇ ಕಾದು ಬೆಂಕಿ ಹತ್ತುತ್ತದೆ. ಅದಕ್ಕೇ ಅವರ ಮಳಿಗೆಯ ಮುಂದೆ ತಂತಿಯ ಮೇಲೆ ಚಿಂದಿಗಳು ಒಂದೊಂದಾಗಿ ಹರಡಿಕೊಂಡು ತೂಗುತ್ತವೆ.

ಕಾರ್ಖಾನೆಯ ಆ ಹನ್ನೆರಡು ವರ್ಷಗಳು ಅವರಿಂದ ಒಂದನ್ನು ಕಸಿದುಕೊಂಡಿವೆ. ಬುರುಲಕ್ಕನಿಗೆ ವಾಸನೆ ತಿಳಿಯುವುದಿಲ್ಲ. ಹಾಲು ಸೀದರೂ ತಿಳಿಯುವುದಿಲ್ಲ, ಮಲ್ಲಿಗೆ ಮೂಗಿಗಿಟ್ಟರೂ ಅಷ್ಟೆ. ಬೇರೆ ಉಸ್ತಾಗಳು, ಅಂದರೆ ಕುಶಲಕರ್ಮಿಗಳು, ಎಣ್ಣೆ ಒಣಗಿದೆಯೇ ಎಂದು ಮೂಸಿ ನೋಡಿದರೆ, ಇವರದು ಮಣಿಕಟ್ಟಿನ ಪರೀಕ್ಷೆ. ಈ ಸಂಗತಿ ಗಿರಾಕಿಗಳಿಗೆ ಗೊತ್ತಿರಲಿಲ್ಲ, ಗೊತ್ತಾಗಬಾರದು ಎಂದೇ ಅವರು ಬಾಯಿ ಬಿಗಿಹಿಡಿದಿದ್ದರು. ಗೊತ್ತಿದ್ದವನು ಒಬ್ಬನೇ, ಹೊಲ್ಮಿರ್ಜಾ. ಅಂಗಡಿ ತೆರೆದಂದಿನಿಂದ ಅವನೇ ಅವರ ಮೂಗು. ಅಕ್ರೋಟಿನ ಎಣ್ಣೆಯ ಹೊಸ ಡಬ್ಬಿ ಬಂದಾಗಲೆಲ್ಲ ಅದು ಕಮಟಿದೆಯೇ ಎಂದು ಅವನು ಮೂಸಿ ಹೇಳಬೇಕು. ಜೊತೆಗೆ, ಹೇಗಿದೆ ವಾಸನೆ ಎಂದು ವರ್ಣಿಸಲೂ ಬೇಕು. ಬುರುಲಕ್ಕ ಅಕ್ರೋಟಿನ ಎಣ್ಣೆ ಹಿಡಿದದ್ದು ಮೂಗು ಹೋದ ಮೇಲೆ. ದಿನವೂ ಅದರಲ್ಲೇ ಕೈಯದ್ದುವವರಿಗೆ ಅದರ ವಾಸನೆ ಹೇಗಿದೆಯೆಂದೇ ಗೊತ್ತಿಲ್ಲ.

“ಒಂದಿನ ಹುಲ್ಲಿನ ಬಣವೆ ಅಂತಾನೆ, ಇನ್ನೊಂದಿನ ಅವರಜ್ಜಿ ಪೆಟ್ಟಿಗೆ ತೆಗೆದ ಹಾಗೆ ಅಂತಾನೆ,” ಎಂದು ಅವರು ದೂರುತ್ತಾರೆ. “ಎರಡು ಸಲ ಒಂದೇ ಥರ ಹೇಳಿದ್ದೇ ಇಲ್ಲ. ಇಂಥ ಮೂಗನ್ನ ನಂಬಿ ಬದುಕ್ಬೇಕು ನಾನು.”

ಮಂಗಳವಾರ ಬೆಳಿಗ್ಗೆ ಅವರು ಅಂಟುವ ಗಿಟಾರನ್ನು ಎತ್ತಿಕೊಂಡು ಒಲೆಯ ಬಳಿಗೆ ಹೋಗುತ್ತಾರೆ. ಹಿಟ್ಟು ಮೆತ್ತಿದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಹೊಲ್ಮಿರ್ಜಾ ಬಗ್ಗುತ್ತಾನೆ, ಮೂಸುತ್ತಾನೆ, ಹುಬ್ಬು ಗಂಟಿಕ್ಕಿ ಮತ್ತೆ ಮೂಸುತ್ತಾನೆ.

“ಬುರುಲಕ್ಕ, ನನ್ನ ಸಮ್ಸಾ ಕದ್ದು ಇದರೊಳಗೆ ಬಚ್ಚಿಟ್ಟಿದ್ದೀರಾ?”

“ಬೆಳಗ್ಗೆ ಬೆಳಗ್ಗೆ ಹುಡುಗಾಟ ಬೇಡ ಕಣೋ. ಎಣ್ಣೆ ಕೆಟ್ಟಿದ್ಯಾ, ಅಷ್ಟು ಹೇಳು.”

“ಎಣ್ಣೆ ಚೆನ್ನಾಗೇ ಇದೆ. ಅದರ ಕೆಳಗೆ ಕುರಿಬಾಲದ ಕೊಬ್ಬಿದೆ. ಇಪ್ಪತ್ತೆರಡು ವರ್ಷದಿಂದ ದಿನಾ ಸಮ್ಸಾಗೆ ಹೆಚ್ತಾ ಇದ್ದೀನಿ, ನನಗೆ ಗೊತ್ತಾಗಲ್ವಾ? ಹಳೇ ಕೊಬ್ಬು. ನನ್ನ ಮದುವೆಗಿಂತ ಹಳೇದು.”

ಬುರುಲಕ್ಕ ಗಿಟಾರಿನ ಬೆನ್ನನ್ನು ಒಲೆಯ ಬೆಳಕಿಗೆ ಹಿಡಿದು ನೋಡುತ್ತಾರೆ. ಕೊಬ್ಬು ಒಣಗುವ ಜಾತಿಯದಲ್ಲ. ಮೇಲೆ ಹಚ್ಚಿದ ಎಣ್ಣೆಯನ್ನೂ ಒಣಗಗೊಡುವುದಿಲ್ಲ. ಅದು ನಾರಿನೊಳಗೆ ಇಳಿದಿರುವವರೆಗೆ ಒಂಬತ್ತು ದಿನವಲ್ಲ, ತೊಂಬತ್ತು ದಿನ ಬಿಸಿಲಿಗಿಟ್ಟರೂ ಅಂಟುತ್ತಲೇ ಇರುತ್ತದೆ. ಮೂಗಿದ್ದವರಾಗಿದ್ದರೆ ಬಣ್ಣ ಎಬ್ಬಿಸಿದ ಮೊದಲ ದಿನವೇ ತಿಳಿಯುತ್ತಿತ್ತು.

ಮಧ್ಯಾಹ್ನ ದೊಲೊನ್‌ನನ್ನು ಕರೆಸುತ್ತಾರೆ. ಮೂವತ್ನಾಲ್ಕರ ಅವನು ಕೆಲಸ ಮುಗಿದಿದೆಯೆಂದೇ ಶಿಳ್ಳೆ ಹಾಕುತ್ತ ಬರುತ್ತಾನೆ. ಕೊಬ್ಬಿನ ಮಾತೆತ್ತಿದ ಕೂಡಲೇ ಮುಖ ಕೆಂಪಾಗುತ್ತದೆ.

“ನಾನು ಹಚ್ಚಿಲ್ಲ ಉಸ್ತಾ! ಹತ್ತು ವರ್ಷದ ಹಿಂದೆ ಕಾರಿಗೆ ಬಣ್ಣ ಹೊಡೆಯೋನ ಹತ್ರ ಕೆಂಪು ಹೊಡೆಸಿದ್ದು ಬಿಟ್ರೆ ಇದಕ್ಕೆ ನಾನು…” ಎಂದವನು ಅಲ್ಲಿಗೇ ನಿಲ್ಲಿಸುತ್ತಾನೆ. ದನಿ ತಗ್ಗುತ್ತದೆ. “ಅಪ್ಪ. ಅಪ್ಪ ಮದುವೆ ಊಟ ಮಾಡಿ ಕೈ ತೊಳೀತಾನೇ ಇರ್ಲಿಲ್ಲ. ಬೂಟಿಗೊಂದು ಸಲ ಒರೆಸೋರು, ಕುದುರೆ ಜೀನಿಗೊಂದು ಸಲ, ಗಿಟಾರಿಗೊಂದು ಸಲ. ಮರಾನೂ ಚರ್ಮದ ಹಾಗೇನೇ, ಮೇವು ಹಾಕ್ಬೇಕು ಅನ್ನೋರು.”

ಜೀನಿಗೆ, ಬೂಟಿಗೆ ಕೊಬ್ಬು ತಿನ್ನಿಸುವ ನಾಡಿನಲ್ಲಿ ಇದು ತಪ್ಪೆಂದು ಯಾರಿಗೆ ಹೊಳೆದೀತು? ವಾರ್ನಿಷ್ ಸವೆದು ಬತ್ತಲಾದ ಬೆನ್ನಿಗೆ ಮೂವತ್ತು ವರ್ಷ ಅಕ್ಕರೆಯಿಂದ ಉಣಿಸಿದ ಕೊಬ್ಬು ಅದು. ಬುರುಲಕ್ಕ ಇಲ್ಲಿಗೇ ತಪ್ಪನ್ನು ಹಿರಿಯರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು. ದೊಲೊನ್ ನಂಬಿಯೂ ಬಿಡುತ್ತಿದ್ದ.

“ನಿಮ್ಮಪ್ಪಂದು ಪ್ರೀತಿ. ತಪ್ಪು ನಂದು,” ಎನ್ನುತ್ತಾರೆ ಅವರು. “ಕೆಂಪು ಬಣ್ಣ ಬೇಯಿಸಿದ ಆಲೂಗಡ್ಡೆ ಸಿಪ್ಪೆ ಥರ ಸಲೀಸಾಗಿ ಬಂತು. ಸದ್ಯ, ಕೆಲಸ ಹಗುರಾಯ್ತು ಅಂತ ಖುಷಿಪಟ್ಟೆ. ಕೆಳಗೆ ಜಿಡ್ಡಿಲ್ಲದೆ ಬಣ್ಣ ಹಾಗೆ ಬಿಡಲ್ಲ ಅಂತ ಹೊಳೀಬೇಕಿತ್ತು. ಇನ್ನೊಂದು ಮಾತು. ನನಗೆ ವಾಸನೆ ಗೊತ್ತಾಗಲ್ಲಪ್ಪ. ಮೂವತ್ತು ವರ್ಷ ಆಯ್ತು. ಇಷ್ಟು ದಿನ ಯಾರಿಗೂ ಹೇಳಿರ್ಲಿಲ್ಲ.”

“ಅಪ್ಪನಿಗೆ ಏನು ಹೇಳ್ಲಿ?” ಎಂದಷ್ಟೇ ಕೇಳುತ್ತಾನೆ ದೊಲೊನ್.

ಬುರುಲಕ್ಕನಿಗೆ ಉತ್ತರ ಸಿಕ್ಕುವುದು ಕಸುಬಿನಿಂದಲ್ಲ, ತಾಯಿಯ ಮನೆಯಿಂದ. ಉಣ್ಣೆಯ ನೆಲಹಾಸಿನ ಮೇಲೆ ಸಾರು ಚೆಲ್ಲಿದರೆ ಅವರಮ್ಮ ಬಿಳಿ ಜೇಡಿಮಣ್ಣಿನ ಪುಡಿ ಸುರಿದು, ಮೇಲೆ ಕಾಗದ ಹಾಸಿ, ಬಿಸಿ ಇಸ್ತ್ರಿಪೆಟ್ಟಿಗೆ ಇಡುತ್ತಿದ್ದರು. ಮಣ್ಣು ಜಿಡ್ಡನ್ನು ಕುಡಿದುಬಿಡುತ್ತಿತ್ತು. ಉಣ್ಣೆಗೆ ನಡೆದದ್ದು ಮರಕ್ಕೇಕೆ ನಡೆಯಬಾರದು? ಮೂರು ಸಲ ಹಚ್ಚಿದ ಎಣ್ಣೆಯನ್ನು ಕೆರೆದು ತೆಗೆಯುತ್ತಾರೆ. ಗಿಟಾರಿನ ಬೆನ್ನಿಗೆ ಜೇಡಿಯನ್ನು ಬೆರಳ ದಪ್ಪಕ್ಕೆ ಮೆತ್ತಿ ಬೆಚ್ಚಗೆ ಇಡುತ್ತಾರೆ. ಬುಧವಾರ ಉದುರಿದ ಮಣ್ಣು ಹಳದಿ. ಗುರುವಾರದ್ದೂ ಹಳದಿ. ಶುಕ್ರವಾರದ್ದು ಮಾಸಲು ಬಿಳುಪು. ಪ್ರತಿ ಸಲವೂ ಹೊಲ್ಮಿರ್ಜಾ ಬಂದು ಮೂಸುತ್ತಾನೆ.

“ಇನ್ನೂ ಇದೆ ಅಕ್ಕ. ಮೊದಲು ಕುರಿ ಒಳಗೇ ನಿಂತಿತ್ತು. ಈಗ ಗುಡ್ಡದ ಆ ಕಡೆ ದಾಟಿದೆ.”

ಎಣ್ಣೆಗೆ ಸಮಯ ಉಳಿದಿಲ್ಲ. ಶುಕ್ರವಾರ ಸಂಜೆ ದೊಲೊನ್ ಬರಿಮರಕ್ಕೇ ಕತ್ತು ಜೋಡಿಸಿ, ತಂತಿ ಬಿಗಿದುಕೊಳ್ಳುತ್ತಾನೆ. ಬುರುಲಕ್ಕ ಒಂದೇ ಒಂದು ಷರತ್ತು ಹಾಕುತ್ತಾರೆ: ಜಿಡ್ಡಿನ ಕೈ ಇದನ್ನು ಮುಟ್ಟಕೂಡದು.

“ನನ್ನ ತಂಗಿ ಮದುವೇಲಿ ನಾನೇ ಬೆಶ್‌ಬರ್ಮಾಕ್ ತಿನ್ನದೆ ಇರೋದಾ? ಬೀಗರು ಏನಂದ್ಕೊಳ್ತಾರೆ ಉಸ್ತಾ?” ಎಂದು ಅವನು ಕಂಗಾಲಾಗುತ್ತಾನೆ. ಮಾಂಸ, ಹಿಟ್ಟಿನ ಎಳೆ, ಕೊಬ್ಬು ಕಲಸಿದ ಆ ಊಟವನ್ನು ಬೆರಳಲ್ಲೇ ತಿನ್ನಬೇಕು. ಬೇಡವೆಂದರೆ ಬೀಗರ ಮುಖಕ್ಕೆ ಹೊಡೆದ ಹಾಗೆ.

“ತಿನ್ನು. ಹೇಗೆ ತಿನ್ನೋದು ಅಂತ ನಾನ್ ಬಂದು ತೋರಿಸ್ತೀನಿ,” ಎನ್ನುತ್ತಾರೆ.

ಶನಿವಾರದ ಮದುವೆ. ಅಂಗಳದ ತುಂಬ ಜನ. ದೊಡ್ಡ ತಟ್ಟೆಗಳಲ್ಲಿ ಬೆಶ್‌ಬರ್ಮಾಕ್ ಬರುತ್ತದೆ. ಗಿಟಾರು ಹೆಗಲಿಗೇರಿಸಿಕೊಂಡೇ ನಿಂತ ದೊಲೊನ್‌ನ ಮುಂದೆ, ಹಬ್ಬದ ಬಿಳಿ ತಲೆವಸ್ತ್ರ ಕಟ್ಟಿದ ಬುರುಲಕ್ಕ ಬಂದು ನಿಲ್ಲುತ್ತಾರೆ. ಬೊಗಸೆ ತುಂಬ ಎತ್ತಿಕೊಂಡು ಅವನ ಬಾಯಿಗೇ ತುರುಕುತ್ತಾರೆ. ಹಿರಿಯರು ಮೆಚ್ಚಿದ ಕಿರಿಯರಿಗೆ ಹೀಗೆ ಕೈತುತ್ತು ಕೊಡುವುದು ಇಲ್ಲಿ ದೊಡ್ಡ ಮರ್ಯಾದೆ. ಜನ ಚಪ್ಪಾಳೆ ತಟ್ಟುತ್ತಾರೆ. ಎರಡನೆಯ ತುತ್ತಿಗೂ ತಟ್ಟುತ್ತಾರೆ. ಏಳನೆಯದಕ್ಕೆ ನಗೆ ಎದ್ದಿರುತ್ತದೆ.

“ಯಾರಯ್ಯಾ ಆಕೆ, ನಿನ್ನ ಅತ್ತೆಯಾ?” ಎಂದು ಯಾರೋ ಕೂಗುತ್ತಾರೆ.

ಬಾಯ್ತುಂಬ ಮಾಂಸವಿದ್ದ ದೊಲೊನ್‌ಗೆ ಉತ್ತರಿಸಲು ಆಗುವುದಿಲ್ಲ. ಗಿಟಾರನ್ನು ತಿರುಗಿಸಿ ಅದರ ಬಿಳಿಚಿದ ಬೆನ್ನನ್ನು ಜನರತ್ತ ಹಿಡಿದು, ಇನ್ನೊಂದು ಕೈಯಿಂದ ಬುರುಲಕ್ಕನನ್ನು ತೋರಿಸುತ್ತಾನೆ. ಆಮೇಲೆ ನುಡಿಸುತ್ತಾನೆ. ಮುಂದಿನ ಸಾಲಿನಲ್ಲಿ ಕೂತ ಶರ್ಶೆನ್ ಅವರ ಎಡಗೈ ಮೊಣಕಾಲ ಮೇಲೆ ತಾಳ ಹಾಕುತ್ತದೆ. ಕಣ್ಣೀರು ಗಡ್ಡಕ್ಕಿಳಿದರೂ ಅವರು ಒರೆಸಿಕೊಳ್ಳುವುದಿಲ್ಲ. ಮದುವೆ ಮುಗಿದದ್ದೇ ತಡ, ಬುರುಲಕ್ಕ ಗಿಟಾರನ್ನು ಬಟ್ಟೆಯಲ್ಲಿ ಸುತ್ತಿ ಮಳಿಗೆಗೆ ವಾಪಸ್ ಒಯ್ಯುತ್ತಾರೆ.

ಮತ್ತೆರಡು ಸಲ ಜೇಡಿ, ಮೂರು ಸಲ ಎಣ್ಣೆ, ಕೊನೆಗೆ ಮೇಣ. ಇಪ್ಪತ್ತೆಂಟು ದಿನ ಹಿಡಿಯುತ್ತದೆ. ಅಷ್ಟರಲ್ಲಿ ವಾಸನೆ ತಿಳಿಯದ ಉಸ್ತಾ ಬುರುಲಕ್ಕನ ಕಥೆ ಪೇಟೆಯೆಲ್ಲ ಹಬ್ಬಿದೆ. ಗಿರಾಕಿಗಳೇನೂ ಕಡಿಮೆಯಾಗಿಲ್ಲ, ಈಗೀಗ ಬಂದವರೆಲ್ಲ ತಾವೇ ಗಿಟಾರು ಮೂಸಿ ವರದಿ ಒಪ್ಪಿಸುತ್ತಾರೆ, ಹೊಲ್ಮಿರ್ಜಾನಿಗೆ ಅದೊಂದು ಹೊಟ್ಟೆಕಿಚ್ಚು. ಪತ್ರಿಕೆಯ ಈ ಬರಹದಲ್ಲಿ ಮೂಗಿನ ವಿಷಯ ಬರೆಯಬಹುದೇ ಎಂದು ಕೇಳಿದರೆ ಬುರುಲಕ್ಕ ಕೈಯಾಡಿಸುತ್ತಾರೆ. “ಬರೀರಿ. ನನ್ನ ಮೂಗು ಬಾಳದಿದ್ರೂ ಅದರ ಹೆಸರಾದ್ರೂ ಬಾಳಲಿ. ಒಂದೇ ಒಂದು ಸಲ ಅಕ್ರೋಟಿನ ಎಣ್ಣೆ ವಾಸನೆ ಸಿಕ್ಕಿದ್ರೆ ಸಾಕಿತ್ತು, ಅದು ಬಿಟ್ಟು ಬೇರೆ ಆಸೆ ಇಲ್ಲ.”

ಗಿಟಾರು ಒಯ್ಯಲು ದೊಲೊನ್ ಜೊತೆ ಅಪ್ಪನೂ ಬರುತ್ತಾರೆ. ಮೇಣದ ಮಂದ ಹೊಳಪಿನಲ್ಲಿ ಮರದ ಗೆರೆಗಳು ಎದ್ದು ಕಾಣುತ್ತಿವೆ. ಶರ್ಶೆನ್ ಅದನ್ನು ಎಡಗೈಯಲ್ಲಿ ತೊಡೆಗೆಳೆದುಕೊಂಡು, ತಾವು ಮೂವತ್ತು ವರ್ಷ ಮೇವು ಹಾಕಿದ ಜಾಗಕ್ಕೇ ಮೂಗು ಊರುತ್ತಾರೆ.

“ಏನಾದ್ರೂ ವಾಸನೆ ಇದ್ಯಾ ಅಣ್ಣ?” ಬುರುಲಕ್ಕ ಕೇಳುತ್ತಾರೆ.

ಪಾರ್ಶ್ವವಾಯು ಬಡಿದ ನಾಲಗೆ ಮೆಲ್ಲನೆ ಹೊರಳುತ್ತದೆ. “ಇಲ್ಲ ತಂಗಿ. ಎಣ್ಣೆದೂ ಇಲ್ಲ… ಕುರಿದೂ ಇಲ್ಲ. ಏನಂದ್ರೆ ಏನೂ ಇಲ್ಲ.”

ಬುರುಲಕ್ಕ ಮಣಿಕಟ್ಟನ್ನು ಗಿಟಾರಿನ ಬೆನ್ನಿಗೊತ್ತಿ ಹತ್ತು ಎಣಿಸುತ್ತಾರೆ. ಕೈ ತಡೆಯಿಲ್ಲದೆ ಮೇಲೆ ಬರುತ್ತದೆ.

“ಹಾಗಾದ್ರೆ ಅಣ್ಣ,” ಎನ್ನುತ್ತಾರೆ, “ಇವತ್ತು ನಿಮ್ಮ ಮೂಗಿಗೂ ನನ್ನ ಮೂಗಿಗೂ ಒಂದೇ ಗೊತ್ತಾಗಿರೋದು.”