ಕೌಂಟರಿನಲ್ಲಿಟ್ಟ ಹಸಿರು ಕವರು

ಡೊಂಬಿವಲಿ ಸ್ಟೇಷನ್ನಿನ ಪಕ್ಕದ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುವುದು ನನ್ನ ಕೆಲಸ. ಮೊದಲು ಕೂಪನ್, ಆಮೇಲೆ ತಿಂಡಿ. ಮಾಲೀಕರ ಭಾವನೇ ಬಂದರೂ ಕೂಪನ್ ಇಲ್ಲದೆ ಅರ್ಧ ಲೋಟದ ಒಂದು ಕಟಿಂಗ್ ಚಾ ಕೂಡ ನನ್ನನ್ನು ದಾಟುವುದಿಲ್ಲ. ಅಡುಗೆಮನೆಯವರು ಬೆನ್ನ ಹಿಂದೆ ನನ್ನನ್ನು ರೈಲಿನ ಟಿಕೆಟ್ ಚೆಕ್ಕರಿನ ಹಾಗೆ ‘ಟೀಸಿ’ ಎನ್ನುತ್ತಾರೆ. ಕೇಳಿಸದ ಹಾಗೆ ಇರುತ್ತೇನೆ, ಒಳಗೊಳಗೇ ಹೆಮ್ಮೆ.

ಅದಕ್ಕೇ ಇರಬೇಕು, ಒಂದು ಭಾನುವಾರ ಬೆಳಿಗ್ಗೆ ಕಾಲೇಜಿನ ಇಬ್ಬರು ಹುಡುಗಿಯರು ಬಂದು ಹಸಿರು ಕವರುಗಳ ಒಂದು ಕಟ್ಟನ್ನು ನನಗೆ ಒಪ್ಪಿಸಿದರು. ನಿಧಿ ಹುಡುಕುವ ಆಟವಂತೆ. ಠಾಣೆಯಿಂದ ಹೊರಟು, ಸ್ಟೇಷನ್ನಿಗೊಂದು ಒಗಟು ಬಿಡಿಸುತ್ತ ಕಲ್ಯಾಣ ಮುಟ್ಟಬೇಕು. ಫೋನ್ ಕೈಯಲ್ಲಿರುವಂತಿಲ್ಲ. ಒಗಟುಗಳೆಲ್ಲ ನಾರ್ದರ್ನ್ ಲೈಟ್ಸ್ ಮೇಲೆ. ಉತ್ತರ ಧ್ರುವದ ಆಕಾಶದಲ್ಲಿ ಹಸಿರು, ಕೆಂಪು, ನೇರಳೆ ಬೆಳಕು ಪರದೆಯ ಹಾಗೆ ಅಲೆಯುತ್ತದಲ್ಲ, ಅದು. ನಮಗಿಲ್ಲಿ ಬೆಳದಿಂಗಳೇ ಕಾಣುವುದಿಲ್ಲ, ಇರಲಿ. ನನ್ನ ಪಾಲಿನ ಒಗಟು: ‘ಉತ್ತರದಲ್ಲಿ ಉರಿಯುವ ಈ ದೀಪವನ್ನು ಹಚ್ಚಿದವರು ಯಾರು?’ ಉತ್ತರ, ಸೂರ್ಯ. ಅವನಿಂದ ಹೊರಟ ಕಣಗಳೇ ಅಲ್ಲಿ ಬೆಳಕಾಗುತ್ತವೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಸರಿ ಹೇಳಿದವರಿಗೆ ಮುಂದಿನ ಸುಳಿವಿನ ಕವರು. ಎರಡು ಸಲ ತಪ್ಪಿದರೆ ಆ ತಂಡ ಔಟ್.

ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಆಟದಲ್ಲಿ ನನ್ನ ಮಗಳೂ ಇದ್ದಳು. ನಾಲ್ವರ ತಂಡಕ್ಕೆ ಅವಳೇ ಕ್ಯಾಪ್ಟನ್. ಒಂದು ತಿಂಗಳಿಂದ ಠಾಕುರ್ಲಿಯ ನಮ್ಮ ಮನೆಯಲ್ಲಿ ಊಟ ನಿದ್ದೆಗಳಲ್ಲೂ ಅದೇ ಮಾತು. ಅವಳು ಆಗಲೇ ಆಟಕ್ಕೆ ಹೊರಟಾಗಿತ್ತು, ತಿಳಿಸಲು ದಾರಿಯಿರಲಿಲ್ಲ. ಹುಡುಗಿಯರಿಗೂ ನಾನು ಬಾಯಿ ಬಿಡಲಿಲ್ಲ.

ನಾವು ಕುಂದಾಪುರದ ಕಡೆಯವರು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಹೊರಗೆ ನಾನು ಕನ್ನಡದಲ್ಲಿ ಕೂಗಿದರಂತೂ ಅವಳಿಗೆ ಕಿವಿಯೇ ಕೇಳಿಸುವುದಿಲ್ಲ. ಇದಕ್ಕೆ ಸಿಟ್ಟು ಮಾಡುವುದನ್ನು ಬಿಟ್ಟಿದ್ದೇನೆ ಎಂದು ಹೆಂಡತಿಗೆ ಹೇಳಿದ್ದೇನೆ. ಸುಳ್ಳು, ದಿನಾ ಸಿಟ್ಟು ಬರುತ್ತದೆ.

ನಾಲ್ಕು ಗಂಟೆಗೆ ಅವಳ ತಂಡ ಓಡುತ್ತ ಒಳಗೆ ಬಂತು. ನನ್ನನ್ನು ಕಂಡು ಅವಳ ಕಾಲುಗಳು ನಿಂತುಬಿಟ್ಟವು. ಹಿಂದೆ ಮೂವರು ಗೆಳತಿಯರು. ಒಂದು ಕ್ಷಣ ಅವರತ್ತ ನೋಡಿ, ಮತ್ತೆ ನನ್ನತ್ತ ತಿರುಗಿ, “ಅಂಕಲ್, ಹಮಾರಾ ಕ್ಲೂ ಆಪಕೇ ಪಾಸ್ ಹೈ ಕ್ಯಾ?” ಎಂದಳು.

ನಾನೂ ಅಂಕಲ್ಲಿನಂತೆಯೇ ಒಗಟು ಓದಿದೆ. “ಧ್ರುವ್ ತಾರಾ!” ಎಂದು ಅವಸರದಲ್ಲಿ ಕೂಗಿಬಿಟ್ಟಳು. ತಪ್ಪು. ಇನ್ನುಳಿದದ್ದು ಒಂದೇ ಸಲ. ಅವಳ ಮುಖ ಬಿಳಿಚಿಕೊಂಡಿತು. ಗೆಳತಿಯರು ಪಕ್ಕದ ಮೇಜಿನ ಸುತ್ತ ನಿಂತು ವಾದಕ್ಕಿಳಿದರು. ಅವಳು ಮಾತ್ರ ಕೌಂಟರಿಗೆ ಒರಗಿ, ಎಲ್ಲೋ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದಳು:

“ಅಪ್ಪಯ್ಯ, ಉತ್ರ ಹೇಳಿ. ಇವ್ರಿಗ್ಯಾರಿಗೂ ಕನ್ನಡ ಬತ್ತಿಲ್ಲೆ.”

ನಾಲ್ಕು ಜನರ ನಡುವೆ ಅವಳ ಬಾಯಿಂದ ಕನ್ನಡ ಕೇಳಿ ಎಷ್ಟು ವರ್ಷಗಳಾಗಿದ್ದವೋ. ನಾನು ಕರಗಿಹೋದೆ. ಟೀಸಿ ಎಲ್ಲಿ ಹೋದನೋ ಗೊತ್ತಿಲ್ಲ. ಚೀಟಿಯನ್ನು ಅವಳಿಗೆ ಕಾಣುವಂತೆ ಮೆಲ್ಲಗೆ ತಿರುಗಿಸತೊಡಗಿದೆ.

“ಬ್ಯಾಡ್ರಿ ಕಾಕಾ.”

ಆ ಮೂವರಲ್ಲಿ ಕನ್ನಡಕದ ಸಣಕಲು ಹುಡುಗಿ ಮೇಜು ಬಿಟ್ಟು ಬಂದಿದ್ದಳು. “ಹೇಳಬ್ಯಾಡ್ರಿ. ನಾವ ಹುಡುಕ್ತೀವಿ.”

ಅಪ್ಪಟ ಕಲಬುರ್ಗಿ ಕನ್ನಡ. ಅವಳ ತಂದೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸದವರೆಂದು ಆಮೇಲೆ ತಿಳಿಯಿತು. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತರೂ ಅವಳೂ ನನ್ನ ಮಗಳೂ ತಾವು ಕನ್ನಡದವರೆಂದು ಪರಸ್ಪರ ಹೇಳಿಕೊಂಡಿರಲಿಲ್ಲ. ಯಾರಿಗೂ ತಿಳಿಯದೆಂದು ಲೋಕಲ್ ಟ್ರೈನಿನಲ್ಲಿ ಕನ್ನಡದಲ್ಲಿ ಪರರ ಸುದ್ದಿ ಆಡಿಕೊಂಡು ನಾನೇ ಎರಡು ಸಲ ಸಿಕ್ಕಿಬಿದ್ದವನು. ಆದರೂ ಬುದ್ಧಿ ಬಂದಿರಲಿಲ್ಲ.

ಚೀಟಿಯನ್ನು ಮಡಚಿ ಜೇಬಿಗೆ ಹಾಕಿದೆ. ಇನ್ನಿಬ್ಬರು ಗೆಳತಿಯರು “ಕ್ಯಾ ಬೋಲಾ?” ಎಂದು ಕೇಳಿದರು. ಕನ್ನಡಕದ ಹುಡುಗಿ ನನ್ನ ಮಗಳ ಮುಖ ನೋಡದೆಯೇ, “ಟೈಮ್ ಪೂಛಾ” ಎಂದಳು, ಗಂಟೆ ಕೇಳಿದ್ದಂತೆ. ಮಗಳ ಮರ್ಯಾದೆ ಉಳಿಸಿದ್ದಳು, ನನ್ನದನ್ನೂ.

ಮುಂದಿನ ಹತ್ತು ನಿಮಿಷ ಮೂವರ ವಾದ ನಡೆಯಿತು. ತಪ್ಪು ಹೇಳಿದರೆ ಔಟ್ ಎನ್ನಬೇಕಾದವನು ನಾನೇ. ಗಿರಾಕಿಗಳು ಇಡ್ಲಿ ಕೇಳಿದರೆ ವಡೆಯ ಕೂಪನ್ ಕೊಟ್ಟೆ. ಮಗಳು ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು, ವಾದಕ್ಕೆ ಸೇರಲಿಲ್ಲ. ಕೊನೆಗೆ ಕನ್ನಡಕದವಳೇ ಬಂದು ನನ್ನ ಕಣ್ಣು ನೋಡಿ “ಸೂರಜ್” ಎಂದಳು. ಕಲಬುರ್ಗಿಯವರಿಗೆ ಸೂರ್ಯನ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಕವರನ್ನು ಅವಳ ಕೈಗೇ ಕೊಟ್ಟೆ. ನಾಲ್ವರೂ ಸ್ಟೇಷನ್ನಿನತ್ತ ಓಡಿದರು.

ಸಂಜೆ ಮಗಳು ಮನೆಗೆ ಬಂದಾಗ ನಾನೂ ಬಂದಿದ್ದೆ. ಎರಡನೇ ಬಹುಮಾನ. ಅದನ್ನು ತಾಯಿಯ ಕೈಗೆ ಕೊಟ್ಟು, ಹೆಗಲ ಬ್ಯಾಗನ್ನೂ ಇಳಿಸದೆ ಮಂಚದ ತುದಿಯಲ್ಲಿ ಕೂತಳು.

“ಆ ಹುಡುಗಿನ್ ಒಂದಿನ ಊಟಕ್ಕೆ ಕರಿ,” ಎಂದೆ.

“ಅವ್ಳು ನನ್ ಹತ್ರ ಮಾತಾಡ್ತಿಲ್ಲೆ.”

“ಉತ್ರ ಹೇಳೂಕ್ ನಾನೂ ಹೊರಟಿದ್ದೆ, ಮೋಸದಲ್ಲಿ ನಂದೂ ಪಾಲಿತ್ತು. ಅವ್ಳಿಗೆ ನಾನೇ ಹೇಳ್ತೆ.”

ಅಲ್ಲವೆಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು.

“ಅದಕ್ಕಲ್ಲ ಅಪ್ಪಯ್ಯ. ನಿಮ್ಗೆ ಅಂಕಲ್ ಅಂದೆ ಅಲ್ದಾ, ಅದಕ್ಕೆ.”