ಬೆರಳು ಚಾಚದೆ ಹೇಳಬಾರದ ಮಾತು

ಸಕಾಯಿದೆ ಎಂಬ ಬಂದರಿನಲ್ಲಿ ಹಡಗುಗಳ ಹಗ್ಗ ಕಟ್ಟಿ ಬಿಚ್ಚುವುದರಲ್ಲೇ ಇಸೊಗಾಯಿ ಫುಮಿಯೊನ ತಲೆ ನರೆತಿತ್ತು. ಈ ವಸಂತದಲ್ಲಿ ಹೊಸ ನಿಯಮ ಬಂತು. ವಿದೇಶಿ ಹಡಗಿನೊಂದಿಗೆ ಅವನಂಥ ದಡದ ಮೇಸ್ತ್ರಿಯೇ ವೈರ್‌ಲೆಸ್‌ನಲ್ಲಿ ಇಂಗ್ಲಿಷ್ ಮಾತಾಡಬೇಕು. ಬಾರದವನಿಗೆ ಗೋದಾಮಿನ ಕೆಲಸ.

ಸಂಜೆ ಮಗಳು ಚಿನಾತ್ಸು ಕಲಿಸಲು ಕೂತಳು. 'ಹಗ್ಗ ಬಿಟ್ಟೆವು' ಎನ್ನುವುದು ಇಂಗ್ಲಿಷಿನಲ್ಲಿ ಅವನಿಗೆ ಸುಲಭವಾಗಿ ಬಂತು. 'ಬಿಟ್ಟಿದ್ದೇವೆ' ಎನ್ನಲು ಬೇಕಾದ 'ಹ್ಯಾವ್' ಮಾತ್ರ ಪ್ರತಿ ಸಲವೂ ಜಾರಿಹೋಗುತ್ತಿತ್ತು. ಅವರ ಮನೆಮಾತಿನಲ್ಲಿ ಎರಡಕ್ಕೂ ಒಂದೇ ರೂಪ ಸಾಕಾಗುತ್ತಿತ್ತು.

"ಬಿಟ್ಟಾಯ್ತಲ್ಲ, ಇನ್ನೇನು ಬೇಕಂತೆ ಅವ್ರಿಗೆ?" ಎಂದು ಅವನು ಗೊಣಗಿದ.

"ಯಾವಾಗ ಬಿಟ್ರಿ ಅಂತಲ್ಲಪ್ಪಾ, ಈಗ ನೋಡಿದ್ರೆ ಹಗ್ಗ ಇಲ್ಲ ಅನ್ನೋದು ಅವ್ರಿಗೆ ಬೇಕು. ಇನ್ನೊಂದ್ಸಲ ಹೇಳು. ಅಗಿಯದೆ ನುಂಗೋಕೆ ಹ್ಯಾವ್ ಏನು ಉದೋನ್ ಶ್ಯಾವಿಗೆ ಅಲ್ಲ."

ಪರೀಕ್ಷೆಯಲ್ಲಿ ತಡವರಿಸಿದರೆ ಫೇಲು ಎಂದೂ ಅವಳು ಹೆದರಿಸಿದಳು. ಪ್ರಶ್ನೆ ಮುಗಿಯುವಷ್ಟರಲ್ಲಿ ಉತ್ತರ ಬಾಯಿಗೆ ಬರುವಂತೆ ಅವನು ಉರು ಹೊಡೆದ.

ಪರೀಕ್ಷೆಯ ದಿನ ಮೇಲ್ವಿಚಾರಕ ಹಮಾಗುಚಿ ಪಕ್ಕದಲ್ಲೇ ನಿಂತಿದ್ದ. ಕಲ್ಲಿದ್ದಲಿನ ಹಡಗು ಹೊರಡಲಿತ್ತು. ಜೊತೆಗಾರ ಉಕಾಯಿ ಕಬ್ಬಿಣದ ಗೂಟಗಳಿಂದ ಹಗ್ಗದ ಕುಣಿಕೆ ತೆಗೆಯುತ್ತಿದ್ದ. ಎಲ್ಲ ಹಗ್ಗ ಬಿಟ್ಟಿದ್ದೀರಾ ಎಂದು ಕ್ಯಾಪ್ಟನ್ ಕೇಳಿದ. ಹೌದೆಂದರೆ ಸಾಕು, ಪ್ರೊಪೆಲರ್ ತಿರುಗುತ್ತದೆ.

'ಹ್ಯಾವ್' ಸಮೇತ ಇಡೀ ವಾಕ್ಯ ನಾಲಗೆಯ ತುದಿಗೆ ಬಂತು. ಆದರೆ ಬಲಗೈ ಚಡಪಡಿಸಿತು. ಒಂದೊಂದು ಗೂಟಕ್ಕೂ ಬೆರಳು ಚಾಚಿ ಗಟ್ಟಿಯಾಗಿ 'ಸರಿ' ಎಂದ ಮೇಲೆಯೇ ಕೆಲಸ ಮುಗಿಯಿತೆನ್ನುವುದು ಅವರ ಪದ್ಧತಿ. ಇವತ್ತು ಆ ಕೈಯಲ್ಲಿ ವೈರ್‌ಲೆಸ್ ಇತ್ತು.

ಹಡಗಿನಿಂದ ಮತ್ತೆ ಪ್ರಶ್ನೆ ಬಂತು. ಹಮಾಗುಚಿ ಗಡಿಯಾರ ನೋಡಿಕೊಂಡ. ಇಸೊಗಾಯಿ ವೈರ್‌ಲೆಸ್ಸನ್ನು ಎಡಗೈಗೆ ಬದಲಿಸಿ ಬೆರಳು ಚಾಚಿದ. ಮೊದಲನೆಯದು, ಸರಿ. ಎರಡನೆಯದು, ಸರಿ. ಮೂರನೆಯದಕ್ಕೆ ಬಂದಾಗ ಬೆರಳು ಅರ್ಧಕ್ಕೇ ನಿಂತಿತು. ಕುಣಿಕೆ ಗೂಟವನ್ನು ಕಚ್ಚಿಕೊಂಡಿತ್ತು. ಉಕಾಯಿ ಅದರ ಮೇಲೆ ಬಾಗಿ ಎಳೆದಾಡುತ್ತಿದ್ದ. ಈಗ ಹಡಗು ಅಲುಗಿದರೆ ಬಿಗಿದ ಹಗ್ಗ ಅವನನ್ನು ಜೀವಸಹಿತ ಬಿಡುವುದಿಲ್ಲ.

ಕಲಿತದ್ದೆಲ್ಲ ಮರೆತುಹೋಗಿ, "ನೋ. ನೋ. ವೇಟ್" ಎಂದಷ್ಟೇ ಇಸೊಗಾಯಿ ಹೇಳಿದ.

ಕುಣಿಕೆ ಕೊನೆಗೂ ಕಳಚಿತು. ಉಕಾಯಿ ದೂರ ಸರಿದು ಕೈ ಎತ್ತಿದ. ಇಸೊಗಾಯಿ ಮೂರನೆಯ ಗೂಟಕ್ಕೆ ಇನ್ನೊಮ್ಮೆ ಬೆರಳು ಚಾಚಿ, ಆಮೇಲೆ ಇಡೀ ವಾಕ್ಯವನ್ನು ನಿಧಾನವಾಗಿ, ಒಂದು ಪದವೂ ಬಿಡದೆ ಹೇಳಿದ. ಹಡಗು ದಡ ಬಿಟ್ಟಿತು.

"ತುಂಬಾ ತಡ ಆಯ್ತು, ಇಸೊಗಾಯಿಯವ್ರೆ" ಎಂದ ಹಮಾಗುಚಿ.

ಇಸೊಗಾಯಿ ತಲೆ ಬಾಗಿಸಿ ಹಿಂದಿರುಗಿಸಲೆಂದು ಎರಡೂ ಕೈಯಿಂದ ವೈರ್‌ಲೆಸ್ ಮುಂದೆ ಹಿಡಿದ. ಹಮಾಗುಚಿ ತೆಗೆದುಕೊಳ್ಳಲಿಲ್ಲ. ಅವನ ಕಣ್ಣು ಗೂಟದ ಪಕ್ಕ ಕುಕ್ಕರಗಾಲಲ್ಲಿ ಕೂತು ಏದುಸಿರು ಬಿಡುತ್ತಿದ್ದ ಉಕಾಯಿಯ ಮೇಲಿತ್ತು.

"ಮಧ್ಯಾಹ್ನದ ಹಡಗು ಇನ್ನೂ ದೊಡ್ಡದು" ಎಂದ. "ವೈರ್‌ಲೆಸ್ಸಿನ ಬ್ಯಾಟರಿ ಚಾರ್ಜ್ ಮಾಡಿಟ್ಕೊಳ್ಳಿ."