ಜಳಗಾಂವದಲ್ಲಿ ಲೀಲಾಳ ಎಡಗೈ

ಜಳಗಾಂವಕ್ಕೆ ಬಂದಿಳಿದ ದಿನ ಮನೆಯ ಮಾಲಕಿ ಮಾಲತಿ ಮಾವಶಿ ಒಂದು ಡಬ್ಬಿ ಪಲ್ಯ ತಂದುಕೊಟ್ಟರು. ಮುಚ್ಚಳ ತೆಗೆದರೆ ಕೆಂಪು ಸಾರಿನೊಳಗೆ ಶೇವು ತೇಲುತ್ತಿತ್ತು. ನಮ್ಮ ಕುಲಗೋಡದಲ್ಲಿ ಚಹಾದ ಜತೆ ಬೀಗರಿಗೆ ಕೊಡುವ ಅದೇ ಶೇವು. ಯಾರೋ ಹುಡುಗರು ಆಟಕ್ಕೆ ಬೀಳಿಸಿರಬೇಕು ಎಂದುಕೊಂಡು ಚಮಚದಿಂದ ಆರಿಸಿ ಆರಿಸಿ ತೆಗೆದೆ. ಬಾಗಿಲಲ್ಲಿ ನಿಂತಿದ್ದ ಮಾವಶಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಅದು ಶೇವ ಭಾಜಿಯಂತೆ, ಇಲ್ಲಿಯವರು ಹಬ್ಬಕ್ಕೂ ಮಾಡುವ ಅಡಿಗೆ. ಈ ಊರಲ್ಲಿ ನನಗೆ ಮೊದಲು ಸಿಕ್ಕಿದ್ದು ಆ ನಗು. ಶಿವ ದೊಡ್ಡವನು, ಬೈಗುಳ ಸಿಗಲಿಲ್ಲ.

ನಾನು ಇಲ್ಲಿಗೆ ಬಂದದ್ದು ಮಗಳು ಲೀಲಾಳ ಎಡಗೈ ಹಿಂದೆ. ಚಿಕ್ಕವಳಿದ್ದಾಗ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಎಡಗೈಲೇ ಕವಣೆ ಬೀಸುತ್ತಿದ್ದಳು. ಎಡಗೈ ಬಿಡಿಸಲು ನಮ್ಮ ಅತ್ತೆ ಬಹಳ ಹೆಣಗಿದರು, ಆಗಲಿಲ್ಲ. ಗೋಕಾಕದ ಕಾಲೇಜಿಗೆ ಸೇರಿದ ಮೇಲೆ ಅಲ್ಲಿಯ ಪಿ.ಟಿ. ಸರ್ ಆ ಕೈಗೆ ಸಾಫ್ಟ್‌ಬಾಲ್ ಕೊಟ್ಟರು. ಚೆಂಡು ಎಸೆಯುವವಳಿಗೆ ಪಿಚರ್ ಎನ್ನುತ್ತಾರೆ. ಕೈಯನ್ನು ಗಾಲಿಯಂತೆ ಪೂರಾ ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರ ತಂದು ಬಿಡಬೇಕು. ಕವಣೆ ಬೀಸಿದ ಕೈಗೆ ಅದು ಹೊಸದಾಗಿರಲಿಲ್ಲ. ಒಂದು ಪಂದ್ಯದಲ್ಲಿ ಅವಳನ್ನು ನೋಡಿದ ಜಳಗಾಂವದ ಕೋಚ್ ಮೇಡಂ ತಮ್ಮ ಕಾಲೇಜಿಗೆ ಕರೆದರು. ಹಾಸ್ಟೆಲಿನಲ್ಲಿ ಜಾಗ ಇರಲಿಲ್ಲ. ಹುಡುಗಿಯನ್ನು ಒಬ್ಬಳನ್ನೇ ಬಿಡಲು ಮನೆಯವರು ಒಪ್ಪಲಿಲ್ಲ. ನನ್ನ ತವರು ಹುಕ್ಕೇರಿ ಕಡೆಯ ಕಣಗಲಾ, ಗಡಿಯ ಊರು, ನನಗೆ ಮರಾಠಿ ಬರುತ್ತದೆ ಎಂದು ನನ್ನನ್ನೇ ಜತೆಗೆ ಕಳಿಸಿದರು.

ಆ ಮರಾಠಿ ಇಲ್ಲಿ ಅರ್ಧ ದಾರಿಗೇ ನಿಂತುಬಿಟ್ಟಿತು. ಇವರ ಮನೆಮಾತು ಅಹಿರಾಣಿ. ನಾವು ಐತಿ ಎನ್ನುವಲ್ಲಿ ಇವರು ‘ಶೆ’ ಎನ್ನುತ್ತಾರೆ. ನಮ್ಮಲ್ಲಿ ಊರ ಹೊರಗೆ ಹೋದರೆ ಕಬ್ಬು, ಇಲ್ಲಿ ಕಣ್ಣು ಹಾಯುವವರೆಗೆ ಬಾಳೆ. ಬಿಸಿಲು ಎಂಥದೆಂದರೆ ಒಣಹಾಕಿದ ಸೀರೆ ಹಾಕಿದ ಗಳಿಗೆಗೇ ಗರಿಗರಿ. ಮೊದಲ ವರ್ಷ ಲೀಲಾ ಮೈದಾನಕ್ಕೆ ಹೋದ ಮೇಲೆ ನಾನು ಕನ್ನಡದಲ್ಲಿ ಮಾತಾಡುತ್ತಿದ್ದುದು ದೇವರ ಜೊತೆ ಮಾತ್ರ. ಆದರೂ ನಳದ ನೀರು ದಿನಾ ಬರುತ್ತಿತ್ತು, ಜೋಳ ನಮ್ಮ ಕಡೆಯಷ್ಟೇ ಬೆಳ್ಳಗೆ ಸಿಗುತ್ತಿತ್ತು, ಮಾವಶಿ ಸಂಜೆಗೊಮ್ಮೆ ಬಂದು ಕೂಡುತ್ತಿದ್ದರು. ಇಷ್ಟು ಸಾಕು ಅನ್ನಿಸುತ್ತಿತ್ತು.

ಮೇಲಾಗಿ ಲೀಲಾ ಗೆಲ್ಲುತ್ತಿದ್ದಳು. ಅವಳ ಚೆಂಡಿಗೆ ಹುಡುಗಿಯರು ಬ್ಯಾಟು ಬೀಸಿ ಬೀಸಿ ಗಾಳಿಗೇ ಹೊಡೆಯುತ್ತಿದ್ದರು. ಎರಡನೆಯ ವರ್ಷ ವಿಶ್ವವಿದ್ಯಾಲಯದ ತಂಡಕ್ಕೂ ಅವಳೇ ಪಿಚರ್. ಪೇಪರಿನಲ್ಲಿ ಫೋಟೋ ಬಂತು. ಅಂಗಡಿಯವರು ನನ್ನನ್ನು ಪಿಚರಳ ಆಯಿ ಎನ್ನತೊಡಗಿದರು. ಆಯಿ ಎಂದರೆ ತಾಯಿ. ಬೇರೆ ಊರಲ್ಲಿ ನನಗೊಂದು ಹೆಸರಾಯಿತು ಎಂದು ಹಿಗ್ಗಿದೆ. ಸುಳ್ಳೇಕೆ ಹೇಳಲಿ.

ಮೂರನೆಯ ವರ್ಷದ ಶ್ರಾವಣ ಬಂತು. ನಮ್ಮ ಪೂಜೆ ನಿಮಗೆ ಗೊತ್ತೇ ಇದೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಎದೆಯ ಮಟ್ಟಕ್ಕೆ ಎತ್ತಿ, ದಿಟ್ಟಿಸಿ ನೋಡುತ್ತ ಕೂಡುವುದು. ಲೀಲಾ ಮೊದಲೆಲ್ಲ ಅದನ್ನು ಬಸ್ಸಿಗೆ ಹೊತ್ತಾದವರಂತೆ ಮುಗಿಸುತ್ತಿದ್ದಳು. ಆ ಶ್ರಾವಣ ಹಾಗಿರಲಿಲ್ಲ. ಲಿಂಗ ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು. ಕಣ್ಣು ತುಂಬಿ ಕೆನ್ನೆಗಿಳಿಯುತ್ತಿತ್ತು. ಒಂದು ದಿನವಲ್ಲ, ದಿನಾ. ನನ್ನ ಮೈ ಜುಂ ಎಂದಿತು. ಇಷ್ಟು ವರ್ಷ ಪೂಜೆ ಮಾಡಿದ ನನಗೇ ಬಾರದ ಭಕ್ತಿ ಈ ಹುಡುಗಿಗೆ ಬಂದಿದೆಯಲ್ಲ ಎಂದು. ಊರಿಗೆ ಫೋನು ಮಾಡಿ ಅತ್ತೆಗೆ ಹೇಳಿದೆ. ಅವರೂ ಆ ಕಡೆ ಅತ್ತರು.

ಮರುದಿನದಿಂದ ನಾನೇ ಅವಳಿಗೆ ಹೇಳತೊಡಗಿದೆ, “ಇನ್ನೊಂದೀಟ ಹೊತ್ತು ಹಿಡಿ ಲೀಲಾ, ಇಳಸಬ್ಯಾಡ.” ಅವಳು ಹಿಡಿದಳು. ಶ್ರಾವಣ ಮುಗಿಯುವವರೆಗೆ ಹಿಡಿದಳು.

ಅದಾದ ಮೇಲಿನ ಮೊದಲ ಪಂದ್ಯದಲ್ಲಿ ಕೈ ಸುತ್ತು ತಿರುಗಿ ಅರ್ಧಕ್ಕೇ ನಿಂತಿತು. ಚೆಂಡು ಅವಳ ಕಾಲ ಬಳಿಯೇ ಬಿತ್ತು. ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟಳು. ಭುಜದೊಳಗೆ ಸ್ನಾಯು ಹರಿದಿದೆ, ಹರಿದು ತಿಂಗಳುಗಳೇ ಆಗಿವೆ ಎಂದರು ಡಾಕ್ಟರು. ಇನ್ನು ಎಸೆಯುವ ಮಾತಿಲ್ಲ, ಕೈ ಮೇಲೆತ್ತಲು ಬಂದರೆ ಅದೇ ದೊಡ್ಡದು ಎಂದರು. ಇಷ್ಟು ದಿನ ಮನೆಯಲ್ಲಿ ಯಾರಿಗೂ ಕಾಣಲಿಲ್ಲವೇ ಎಂದು ನನ್ನನ್ನು ಕೇಳಿದರು.

ಕಂಡಿತ್ತು. ದಿನಾ ಕಂಡಿತ್ತು.

ರಿಕ್ಷಾದಲ್ಲಿ ಬರುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಹೊರಗೆ ನೋಡುತ್ತಲೇ ಹೇಳಿದಳು. “ಹೇಳಿದ್ರ ಅಪ್ಪಾ ಊರಿಗೆ ಕರಸ್ಕೊಂತಿದ್ದ. ಮತ್ತ ನೀ ಅಷ್ಟ ಖುಷಿಯಾಗಿದ್ದಿ ಯವ್ವಾ. ಅಜ್ಜಿಗೂ ಫೋನ್ ಮಾಡಿದಿ. ಕೈ ನೂಸಾಕತ್ತೇತಿ ಅಂತ ಹೆಂಗ ಹೇಳ್ಲಿ?”

ಅಂದಿನಿಂದ ಪೂಜೆಗೆ ಕುಳಿತರೆ ನನಗೆ ಮುಖ ಎತ್ತಲಾಗುವುದಿಲ್ಲ. ದೇವರ ಮೇಲೆ ಸಿಟ್ಟಿಲ್ಲ. ಅವನು ತೋರಿಸಿದ್ದನ್ನು ಓದಲು ಬಾರದವಳು ನಾನು.

ಈಗ ತಂಡಕ್ಕೆ ಬೇರೆ ಪಿಚರ್ ಬಂದಿದ್ದಾಳೆ. ಅಂಗಡಿಯವರು ನನ್ನನ್ನು ಸುಮ್ಮನೆ ಬಾಯಿ ಎನ್ನುತ್ತಾರೆ, ಎಲ್ಲ ಹೆಂಗಸರನ್ನೂ ಕರೆದಂತೆ. ಲೀಲಾ ಮೈದಾನ ತಪ್ಪಿಸಿ ಸುತ್ತುಬಳಸಿ ಕಾಲೇಜಿಗೆ ಹೋಗುತ್ತಾಳೆ. ಕೋಚ್ ಮೇಡಂ ಮಾತ್ರ ಎರಡು ಸಲ ಬಂದು, ಸಣ್ಣ ಹುಡುಗಿಯರಿಗೆ ಕಲಿಸು ಬಾ ಎಂದು ಕೇಳಿ ಹೋದರು. ಅವಳು ಇನ್ನೂ ಹೋಗಿಲ್ಲ.

ನಮ್ಮ ಮನೆಯವರು ಮೊನ್ನೆ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು. “ಇನ್ನ ಅಲ್ಲೇನ ಐತಿ? ಪರೀಕ್ಷಾ ಇಲ್ಲಿಂದ ಹೋಗಿ ಬರೀಲಿ. ಐತವಾರ ಫೋನ್ ಮಾಡ್ತೀನಿ, ಹೇಳು, ಗಾಡಿ ತಗೊಂಡು ನಾನ ಬರ್ತೀನಿ.”

ಅವರ ಮಾತು ತಪ್ಪಲ್ಲ. ಊರಲ್ಲಿ ನನ್ನ ಒಲೆ ಇದೆ, ಅತ್ತೆಗೆ ಮಂಡಿನೋವು, ಅಂಗಳದಲ್ಲಿ ನಿಂತರೆ ನಾಲ್ಕು ಜನ ಹೆಸರು ಹಿಡಿದು ಮಾತಾಡಿಸುತ್ತಾರೆ. ಲೀಲಾಳಿಗೆ ಹೇಳಿದೆ. ಅವಳೆಂದಳು, “ನೀ ಹೋಗವ್ವಾ. ನಾ ಬರಂಗಿಲ್ಲ. ಊರಾಗ ಎಲ್ಲಾರೂ ಮೊದಲ ನನ್ನ ಕೈ ನೋಡ್ತಾರ. ಇಲ್ಲಿ ಮಂದಿ ಆಗಲೇ ಮರತಾರ, ಅದ ಚಲೋ.”

ಕುಲಗೋಡ ನನ್ನನ್ನು ನೆನೆಯುತ್ತದೆ ಎಂದು ನನಗೆ ಅಲ್ಲಿಗೆ ಹೋಗಬೇಕು. ಜಳಗಾಂವ ಅವಳನ್ನು ಮರೆತಿದೆ ಎಂದು ಅವಳಿಗೆ ಇಲ್ಲಿರಬೇಕು. ದೇವರಲ್ಲಿ ಯಾವುದನ್ನು ಬೇಡಿಕೊಳ್ಳಲಿ?

ಇಂದು ಐತವಾರ. ಎಡಗೈ ಮೇಲೆ ಏಳದ್ದರಿಂದ ಅವಳಿಗೆ ಹೆರಳು ಹಾಕಿಕೊಳ್ಳಲು ಬರುವುದಿಲ್ಲ. ಹೈಸ್ಕೂಲಿಗೆ ಹೋದಾಗಿನಿಂದ ತಲೆ ಮುಟ್ಟಗೊಡದ ಹುಡುಗಿ, ಈಗ ದಿನಾ ಬೆಳಿಗ್ಗೆ ಎಣ್ಣೆ ಬಾಟಲಿ ಹಿಡಿದು ಬಂದು ನನ್ನ ಮುಂದೆ ಬೆನ್ನು ಮಾಡಿ ಕೂಡುತ್ತಾಳೆ. ಇದನ್ನು ಶಿವನ ದಯೆಯಲ್ಲಿ ಎಣಿಸಲೋ ಬೇಡವೋ, ತಿಳಿಯದು. ಇವತ್ತು ಕೂದಲನ್ನು ಮೂರು ಎಳೆ ಮಾಡಿ ಹಿಡಿದಿದ್ದೆ, ಫೋನು ರಿಂಗಾಯಿತು. ಮನೆಯವರದೇ. ಲೀಲಾ ತಿರುಗಿ ನೋಡಲಿಲ್ಲ, ಆದರೆ ಅವಳ ಕುತ್ತಿಗೆ ಬಿಗಿಯಾದದ್ದು ನನ್ನ ಬೆರಳಿಗೆ ತಿಳಿಯಿತು. ಫೋನು ರಿಂಗಾಗುತ್ತಲೇ ಇತ್ತು. ನನ್ನ ಎರಡೂ ಕೈ ಅವಳ ಕೂದಲಲ್ಲಿದ್ದವು.